ನಾಲ್ಕು ವರ್ಷ ತಪ್ಪದೆ ವಾಕಿಂಗ್ ಮಾಡಿದೆ, ನೆಲದಿಂದ ಏಳಕ್ಕೇ ಆಗಲಿಲ್ಲ. ಏನು ಮಾಡಲಿ?

ಕೆರೆ ಏರಿ ಮೇಷ್ಟ್ರು (ಮೈಸೂರು)

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನು ನಾನು. 60ಕ್ಕೆ ರಿಟೈರ್ ಆದೆ, ಈಗ 64. ರಿಟೈರ್ ಆದ ಮಾರನೇ ದಿನದಿಂದಲೇ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಶುರು ಮಾಡಿದೆ. ಮಳೆ ಬಂದರೆ ಛತ್ರಿ, ಚಳಿಯಾದರೆ ಮಫ್ಲರ್, ತಪ್ಪಿಸಿದ್ದು ಕಡಿಮೆ. ಮಗಳು ಕೊಡಿಸಿದ ವಾಚು ದಿನಾ 10,000 ಹೆಜ್ಜೆ ತೋರಿಸುತ್ತೆ. ಶುಗರ್ ಹತೋಟಿಯಲ್ಲಿದೆ. ಬಿಪಿಗೆ ಒಂದೇ ಮಾತ್ರೆ. ನನ್ನಷ್ಟು ಗಟ್ಟಿ ಯಾರಿದ್ದಾರೆ ಅಂತ ಒಳಗೊಳಗೇ ಬೀಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಹೋದ ವಾರ ಅಣ್ಣನ ಮಗನ ಗೃಹಪ್ರವೇಶ. ಊಟಕ್ಕೆ ನೆಲದ ಪಂಕ್ತಿ. ವಯಸ್ಸಾದವರಿಗೆ ಅಂತ ಆ ಕಡೆ ಟೇಬಲ್ ಹಾಕಿದ್ದರು. ನಾನು ಬೇಡ ಅಂದೆ. ಕೂತೆ, ಉಂಡೆ, ಹೋಳಿಗೆ ಎರಡು ಸಲ ಹಾಕಿಸಿಕೊಂಡೆ. ಎಲ್ಲರೂ ಎದ್ದರು. ನನಗೆ ಆಗಲಿಲ್ಲ. ನೋವು ಅಂತ ಏನೂ ಇಲ್ಲ, ತೊಡೆಯಲ್ಲಿ ಬಲವೇ ಇಲ್ಲ. ಬಲಗೈ ಎಂಜಲು, ನೆಲಕ್ಕೆ ಊರುವ ಹಾಗೂ ಇಲ್ಲ. ಬಡಿಸುತ್ತಿದ್ದ ಹುಡುಗರಿಬ್ಬರು ಬಂದು ಕಂಕುಳಿಗೆ ಕೈ ಹಾಕಿ ಎತ್ತಿದರು. ಅವರಲ್ಲಿ ಒಬ್ಬ ನನ್ನ ಹಳೇ ಸ್ಟೂಡೆಂಟು. ‘ನಿಧಾನ ಸಾರ್’ ಅಂದ.

ಅವತ್ತಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ನಾಲ್ಕು ವರ್ಷ ನಡೆದದ್ದೆಲ್ಲ ಎಲ್ಲಿ ಹೋಯಿತು? ಅನುಭವ ಇರುವವರು ಹೇಳಿ.


ಮಾಜಿ ಕಂಡಕ್ಟರ್ (ಹಾಸನ)

ಸಾರ್, ನಿಮ್ಮದು ಪಂಕ್ತಿಯಲ್ಲಿ ಗೊತ್ತಾಯಿತು, ನನ್ನದು ಬಸ್ಸಿನಲ್ಲೇ ಗೊತ್ತಾಯಿತು. 31 ವರ್ಷ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದವನು ನಾನು. ಶಿರಾಡಿ ಘಾಟಿ ತಿರುವಿನಲ್ಲೂ ಕಂಬಿ ಹಿಡಿಯದೆ ಚಿಲ್ಲರೆ ಎಣಿಸುತ್ತಿದ್ದೆ. ರಿಟೈರ್ ಆಗಿ ಎರಡು ವರ್ಷಕ್ಕೆ ಅದೇ ಬಸ್ಸು ಹತ್ತಿದೆ, ಪ್ಯಾಸೆಂಜರ್ ಆಗಿ. ಡ್ರೈವರ್ ಬ್ರೇಕ್ ಹಾಕಿದ. ಮುಂದಿನ ಸೀಟಿನ ಅಮ್ಮನ ಬುಟ್ಟಿ ಮೇಲೆ ಬಿದ್ದೆ. ಬುಟ್ಟಿಯಲ್ಲಿ ಟೊಮೆಟೊ ಇತ್ತು, ಆಮೇಲಿನದು ಕೇಳಬೇಡಿ.

ಅಲ್ಲಿಗೆ ಒಂದು ವಿಷಯ ಗೊತ್ತಾಯಿತು. ಬ್ಯಾಲೆನ್ಸ್ ನನ್ನ ಹುಟ್ಟುಗುಣ ಆಗಿರಲಿಲ್ಲ. ಕೆಲಸವೇ ದಿನಾ ಅಭ್ಯಾಸ ಮಾಡಿಸುತ್ತಿತ್ತು. ಕೆಲಸ ನಿಂತಿತು, ಅದೂ ಹೋಯಿತು.


ಲಾಲ್‌ಬಾಗ್ ತಾತ (ಬೆಂಗಳೂರು)

ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ? 64ಕ್ಕೆ ನೆಲದಿಂದ ಏಳಕ್ಕೆ ಕಷ್ಟ ಆಗೋದು ಸಹಜ ಅಲ್ವಾ? ಟೇಬಲ್ ಮೇಲೆ ಊಟ ಮಾಡಿ, ಮುಗಿಯಿತು. ನನಗೆ 71. ಲಾಲ್‌ಬಾಗ್ ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಹತ್ತಿರ ಐದು ನಿಮಿಷ ಕೂತು ಇಳಿದು ಬರುತ್ತೇನೆ. ಆಮೇಲೆ ಸ್ನೇಹಿತರ ಜೊತೆ ಇಡ್ಲಿ ಕಾಫಿ. ವಾಕಿಂಗ್‌ಗಿಂತ ದೊಡ್ಡ ವ್ಯಾಯಾಮ ಇಲ್ಲ. 10,000 ಹೆಜ್ಜೆ ಅಂತ ವಿಜ್ಞಾನಿಗಳೇ ಹೇಳಿದ್ದಾರೆ.


ಹುಬ್ಬಳ್ಳಿ ಫಿಸಿಯೋ

ತಾತ, ನಿಮ್ಮ ಬಂಡೆಗೂ ಕಾಫಿಗೂ ನಮಸ್ಕಾರ. ಆದರೆ 10,000 ಅನ್ನೋ ಅಂಕಿ ವಿಜ್ಞಾನಿಗಳ ಹತ್ತಿರದಿಂದ ಬಂದದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಆದ ಮೇಲೆ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಿಟ್ಟಿತು. ಅದರ ಹೆಸರು ‘ಮಾನ್ಪೊ ಕೇ’. ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಯಂತ್ರದ ಹೆಸರೇ ಆಮೇಲೆ ಲೋಕಕ್ಕೆಲ್ಲ ನಿಯಮ ಆಗಿ ಕೂತಿತು. ಅಷ್ಟು ನಡೆದರೆ ಒಳ್ಳೆಯದೇ. ಅದಕ್ಕಿಂತ ಕಡಿಮೆ ನಡೆದರೂ ಲಾಭ ಇದೆ.

ಮೇಷ್ಟ್ರೇ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾಚಿಕೆ ಪಡಬ್ಯಾಡ್ರಿ, ನನ್ನ ಹತ್ತಿರ ಬರುವವರಲ್ಲಿ ಇಂಥವರು ಬಹಳ ಜನ. ವಾಕಿಂಗ್ ಹೃದಯಕ್ಕೆ, ಶುಗರಿಗೆ, ಮನಸ್ಸಿಗೆ ಒಳ್ಳೆಯದು. ಅದು ವ್ಯರ್ಥ ಆಗಿಲ್ಲ. ಆದರೆ ಸಮತಟ್ಟಾದ ಏರಿ ಮೇಲೆ ನಡೆಯುವಾಗ ಮಂಡಿ ಎಷ್ಟು ಮಡಚುತ್ತೆ ನೋಡಿ. ಸ್ವಲ್ಪವೇ. ನೆಲದಿಂದ ಏಳುವಾಗ ಮಂಡಿ, ಸೊಂಟ ಎರಡೂ ಪೂರ್ತಿ ಮಡಚಿದ ಜಾಗದಿಂದ ಇಡೀ ಮೈಭಾರ ಎತ್ತಬೇಕು. ಮನೆಯಲ್ಲಿ ಕಮೋಡು, ಸೋಫಾ, ಡೈನಿಂಗ್ ಟೇಬಲ್, ಎತ್ತರದ ಮಂಚ. ಆ ಕೆಲಸವನ್ನು ನಿಮ್ಮ ತೊಡೆಗೆ ನಾಲ್ಕು ವರ್ಷದಲ್ಲಿ ಒಂದು ದಿನವೂ ಕೊಟ್ಟಿಲ್ಲ. ಮೂವತ್ತು ದಾಟಿದ ಮೇಲೆ ಸ್ನಾಯು ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ 3ರಿಂದ 8ರಷ್ಟು ಕರಗುತ್ತಾ ಬರುತ್ತೆ, ಅರವತ್ತು ದಾಟಿದರೆ ಇನ್ನೂ ಜೋರಾಗಿ. ಕೆಲಸ ಕೊಡದ ಸ್ನಾಯು ಮೊದಲು ಹೋಗುತ್ತೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಶ್ರಮ ಬೇಕು ಅಂತ ಹೇಳಿತು. ಎಲ್ಲರೂ ಇಷ್ಟು ಓದಿ ನಿಲ್ಲಿಸುತ್ತಾರೆ. ಅದರ ಜೊತೆಗೇ ವಾರಕ್ಕೆ ಎರಡು ದಿನವಾದರೂ ಸ್ನಾಯುವಿಗೆ ಬಲ ಬರುವ ಕೆಲಸ, ಮೂರು ದಿನವಾದರೂ ಬ್ಯಾಲೆನ್ಸ್ ಸೇರಿದ ಬೇರೆ ಬೇರೆ ಥರದ ವ್ಯಾಯಾಮ ಅಂತಲೂ ಇದೆ. ನಿಮ್ಮ ವಾಚು ಈ ಎರಡನ್ನೂ ಎಣಿಸಿಲ್ಲ.

ಒಂದು ಪರೀಕ್ಷೆ ಮಾಡಿ. ಕೈಯಿಲ್ಲದ, ಜಾರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈ ಎರಡೂ ಎದೆ ಮೇಲೆ ಕತ್ತರಿ ಹಾಕಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಎಣಿಸಿ. 60ರಿಂದ 64ರ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು ಅಂತ ಲೆಕ್ಕ. ಪಕ್ಕದಲ್ಲಿ ಯಾರಾದರೂ ಇರಲಿ.


ಕೆರೆ ಏರಿ ಮೇಷ್ಟ್ರು

9. ಎರಡು ಸಲ ಮಾಡಿದೆ. ಎರಡನೇ ಸಲ 8.


ಗರಡಿ ಮನೆ (ಮೈಸೂರು)

ಮೇಷ್ಟ್ರೇ, ನಿಮ್ಮ ಸರ್ವೀಸಿನಲ್ಲಿ ಎಷ್ಟು ಹುಡುಗರಿಗೆ ಬಸ್ಕಿ ಹೊಡೆಸಿದ್ದೀರಿ? ಈಗ ಅದೆಲ್ಲ ನಿಮ್ಮ ಪಾಲಿಗೆ ಬಂದಿದೆ. 😀

ತಮಾಷೆ ಬಿಡಿ. ನನಗೆ 68. ಹುಡುಗನಾಗಿದ್ದಾಗ ನಮ್ಮ ಬೀದಿ ಗರಡಿಯಲ್ಲಿ ಬಸ್ಕಿ, ದಂಡ, ಗದೆ ಎಲ್ಲ ಮಾಡಿದವನು. ದಸರಾ ಕುಸ್ತಿ ನೋಡಲು ಇವತ್ತಿಗೂ ಹೋಗುತ್ತೇನೆ. ನಮ್ಮ ಉಸ್ತಾದರು ಒಂದೇ ಪಟ್ಟು ಎರಡು ದಿನ ಮಾಡಿಸುತ್ತಿರಲಿಲ್ಲ. ಒಂದು ದಿನ ಕಾಲು, ಒಂದು ದಿನ ಭುಜ, ಒಂದು ದಿನ ಸುಮ್ನೆ ಮಟ್ಟಿ ಮಣ್ಣು ಅಗೆಯುವುದು. ಅದೂ ವ್ಯಾಯಾಮವೇ ಅಂತ ಆಗ ಗೊತ್ತಿರಲಿಲ್ಲ, ಪುಕ್ಕಟೆ ಕೂಲಿ ಮಾಡಿಸುತ್ತಾರೆ ಅಂತ ಬೈದುಕೊಳ್ಳುತ್ತಿದ್ದೆವು.

ಈಗ ನಾನು ಮಾಡುವುದು ಅರ್ಧ ಬಸ್ಕಿ. ಕಿಟಕಿ ಸರಳು ಹಿಡಿದು ಕುರ್ಚಿ ಮಟ್ಟಕ್ಕೆ ಇಳಿಯುವುದು, ಏಳುವುದು. ಹತ್ತು, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹತ್ತು. ದಂಡ ನೆಲದ ಮೇಲೆ ಆಗಲ್ಲ, ಅಡುಗೆ ಕಟ್ಟೆಗೆ ಕೈ ಕೊಟ್ಟು ಓರೆಯಾಗಿ ನಿಂತು ಮಾಡುತ್ತೇನೆ. ಮನೆಯವಳು ‘ದೋಸೆ ಹಾಕಬೇಕು, ಸರೀರಿ’ ಅನ್ನುತ್ತಾಳೆ. ಗದೆ ಮುಟ್ಟಲ್ಲ. ಅದರ ಮೇಲೆ ಈಗ ಟವೆಲ್ ಒಣಗುತ್ತೆ.


ಬ್ಯಾಂಕ್ ಬಾಬು (ದಾವಣಗೆರೆ)

ಮೇಷ್ಟ್ರಿಗೆ ಒಂದು ಎಚ್ಚರಿಕೆ. ನಾನೂ ಹೀಗೇ ರೋಷ ಬಂದು ಮನೆ ಹತ್ತಿರದ ಒಂದು ಜಿಮ್ಮಿಗೆ ಮೂರು ತಿಂಗಳ ಹಣ ಕಟ್ಟಿದೆ. 62ನೇ ವಯಸ್ಸಿನಲ್ಲಿ ಟೀ ಶರ್ಟು, ಹೊಸ ಶೂ, ಎಲ್ಲ ಭರ್ಜರಿ. ಟ್ರೈನರ್ ಹುಡುಗನಿಗೆ 23 ಇರಬಹುದು. ಬಿಪಿ ಇದೆಯಾ, ಏನು ಮಾತ್ರೆ, ಒಂದೂ ಕೇಳಲಿಲ್ಲ. ಮೊದಲ ದಿನವೇ ‘ಅಂಕಲ್ ಇನ್ನೊಂದು, ಇನ್ನೊಂದು’ ಅಂತ ಹುರಿದುಂಬಿಸಿದ. ನಾನೂ ಉಸಿರು ಬಿಗಿ ಹಿಡಿದು ಎತ್ತಿದೆ. ಕಣ್ಣು ಕತ್ತಲೆ ಬಂದು ಅಲ್ಲೇ ಬೆಂಚಿನ ಮೇಲೆ ಕೂತೆ. ಮಾರನೇ ದಿನ ಭುಜ ಎತ್ತಕ್ಕೆ ಆಗಲಿಲ್ಲ. ಒಂದೂವರೆ ತಿಂಗಳು ತಲೆ ಬಾಚಿಕೊಳ್ಳಲೂ ಎಡಗೈ. ದುಡ್ಡು ವಾಪಸ್ ಕೇಳಿದರೆ ‘ಫ್ರೀಜ್ ಮಾಡ್ತೀವಿ ಅಂಕಲ್’ ಅಂದರು. ಭುಜವೂ ಫ್ರೀಜು, ದುಡ್ಡೂ ಫ್ರೀಜು.


ಹುಬ್ಬಳ್ಳಿ ಫಿಸಿಯೋ

ಬಾಬು ಅವರೇ, ಉಸಿರು ಹಿಡಿದದ್ದೇ ತಪ್ಪಾಯಿತು. ಉಸಿರು ಬಿಗಿ ಹಿಡಿದು ಭಾರ ಎತ್ತಿದರೆ ಬಿಪಿ ಗಕ್ಕನೆ ಏರುತ್ತೆ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಒಳಗೆ ತೆಗೆದುಕೊಳ್ಳಬೇಕು. ಬಾಯಲ್ಲಿ ಅಂಕಿ ಎಣಿಸುತ್ತಾ ಮಾಡಿದರೆ ಸಾಕು, ಎಣಿಸುವವರು ಉಸಿರು ಹಿಡಿಯಲು ಆಗಲ್ಲ.

ಇನ್ನೊಂದು ಮಾತು. ಬಿಪಿಯ ಕೆಲವು ಮಾತ್ರೆಗಳು ನಾಡಿ ಬಡಿತವನ್ನೇ ತಗ್ಗಿಸಿ ಇಡುತ್ತವೆ. ಅಂಥವರು ವಾಚಿನ ನಾಡಿ ಲೆಕ್ಕ ನಂಬಬೇಡಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸರಿ. ಶುಗರಿಗೆ ಇನ್ಸುಲಿನ್ ತಗೊಳ್ಳುವವರು ಜೇಬಿನಲ್ಲಿ ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಇಟ್ಟುಕೊಳ್ಳಿ. ನಡೆದು ಬಂದ ಮೇಲೆ ಪಾದದ ಅಡಿ ನೋಡಿಕೊಳ್ಳಿ, ಗುಳ್ಳೆ ಎದ್ದದ್ದು ಗೊತ್ತೇ ಆಗಿರಲ್ಲ. ಎದೆ ಹಿಡಿದ ಹಾಗೆ ಆದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಹೃದಯದ ತೊಂದರೆ ಇರುವವರು ಶುರು ಮಾಡುವ ಮುಂಚೆಯೇ ಕೇಳಿ.


ತುಂಗಾ ತೀರ (ಶಿವಮೊಗ್ಗ)

ಇಷ್ಟು ಹೊತ್ತು ಓದುತ್ತಾ ಇದ್ದೆ. ಒಂದು ಹೇಳಲಾ? ಇಲ್ಲಿ ಎಲ್ಲರೂ ರಿಟೈರ್ ಆದ ಮೇಲೆ, ರಿಟೈರ್ ಆದ ಮೇಲೆ ಅನ್ನುತ್ತಿದ್ದೀರಿ. ನಮ್ಮೆಜಮಾನರು ರಿಟೈರ್ ಆಗಿ ಹತ್ತು ವರ್ಷ ಆಯಿತು. ನಾನು ಯಾವಾಗ ಆಗುವುದು? ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಒಲೆ ಒರೆಸುವ ತನಕ ನಿಂತೇ ಇರುತ್ತೇನೆ. ನನಗೆ ವ್ಯಾಯಾಮ ಮಾಡು ಅಂತ ಹೇಳಿದ ಡಾಕ್ಟರಿಗೆ ‘ನಮ್ಮನೆಗೆ ಒಂದು ದಿನ ಬನ್ನಿ’ ಅಂದಿದ್ದೆ.


ಹುಬ್ಬಳ್ಳಿ ಫಿಸಿಯೋ

ಅಕ್ಕಾ, ನೀವು ಹೇಳಿದ್ದು ಖರೇ. ಮನೆಗೆಲಸ ಲೆಕ್ಕಕ್ಕೆ ಬರುತ್ತೆ, ಯಾರೂ ಇಲ್ಲ ಅನ್ನುವ ಹಾಗಿಲ್ಲ. ಆದರೆ ನಿಂತು ನಿಂತು ಸುಸ್ತಾಗುವುದು ಬೇರೆ, ಬಲ ಬರುವುದು ಬೇರೆ. ನಮ್ಮ ಅಜ್ಜಿ ಬಾವಿಯಿಂದ ನೀರು ಸೇದುತ್ತಿದ್ದಳು, ಬೀಸುಕಲ್ಲು ತಿರುವುತ್ತಿದ್ದಳು, ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ಬೆನ್ನು, ತೋಳು, ತೊಡೆ ಮೂರಕ್ಕೂ ಭಾರ ಬೀಳುತ್ತಿತ್ತು. ಈಗ ನಲ್ಲಿ, ಮಿಕ್ಸಿ, ಎತ್ತರದ ಸಿಂಕು. ದಣಿವು ಹಾಗೇ ಉಳಿಯಿತು, ಭಾರದ ಕೆಲಸ ಮಾತ್ರ ಹೋಯಿತು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತೆ. ಭಾರ ಬಿದ್ದರೆ ಮೂಳೆ ಗಟ್ಟಿ ಉಳಿಯುತ್ತೆ. ಅದಕ್ಕೇ ಗಂಡಸರಿಗಿಂತ ನಿಮಗೇ ಜಾಸ್ತಿ ಬೇಕು. ದಿನಾ ಬೇಡ, ವಾರಕ್ಕೆ ಎರಡು ಸಲ ಇಪ್ಪತ್ತು ನಿಮಿಷ. ಆ ಹೊತ್ತು ಎಜಮಾನರು ಒಲೆ ನೋಡಿಕೊಳ್ಳಲಿ. ಅವರಿಗೂ ನಿಂತ ಹಾಗೆ ಆಗುತ್ತೆ.


ತುಂಗಾ ತೀರ

ಮೊನ್ನೆ ಉಪ್ಪಿಟ್ಟು ಮಾಡಿದ್ದಾರೆ. ರವೆ ಹುರಿದಿರಲಿಲ್ಲ. ಸುಮ್ಮನೆ ತಿಂದೆ.

ಅದಿರಲಿ, ಕೈಗೆ ಏನು ಭಾರ ಹಿಡಿಯಲಿ? ಡಂಬೆಲ್ ಅಂಥದ್ದೆಲ್ಲ ಮನೆಯಲ್ಲಿ ಇಟ್ಟರೆ ಮೊಮ್ಮಗ ಕಾಲ ಮೇಲೆ ಹಾಕಿಕೊಳ್ಳುತ್ತಾನೆ.


ಮಾಜಿ ಕಂಡಕ್ಟರ್

ಅಕ್ಕಾ, ಒಂದು ಲೀಟರ್ ನೀರಿನ ಬಾಟಲಿ ಅಂದರೆ ಒಂದು ಕೆಜಿ. ಅರ್ಧ ತುಂಬಿಸಿದರೆ ಅರ್ಧ ಕೆಜಿ. ನಾನು ಹಾಗೇ ಶುರು ಮಾಡಿದ್ದು. ಆಮೇಲೆ ಸೈಕಲ್ ಅಂಗಡಿಯಲ್ಲಿ ಹಳೇ ಟ್ಯೂಬ್ ತಂದೆ. ಬಾಯಿ ಕತ್ತರಿಸಿ, ವಾಲ್ವ್ ಇರುವ ತುಂಡು ಬಿಸಾಕಿ, ಸೋಪು ಹಾಕಿ ತೊಳೆದು ಕಿಟಕಿ ಸರಳಿಗೆ ಗಂಟು ಹಾಕಿದೆ. ಎರಡೂ ತುದಿ ಹಿಡಿದು ಬಾವಿಯಿಂದ ನೀರು ಸೇದಿದ ಹಾಗೆ ಹಿಂದಕ್ಕೆ ಎಳೆಯುವುದು. ಸುಲಭ ಆಯಿತು ಅನ್ನಿಸಿದರೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದು. ಅಂಗಡಿಯಲ್ಲಿ ಇಂಥದ್ದಕ್ಕೇ ನಾಲ್ಕುನೂರು ರೂಪಾಯಿ ಹೇಳಿದರು.

ಬ್ಯಾಲೆನ್ಸಿಗೆ ನನ್ನದು ಹಲ್ಲುಜ್ಜುವ ಲೆಕ್ಕ. ಸಿಂಕಿನ ಅಂಚಿಗೆ ಒಂದು ಬೆರಳು ತಾಗಿಸಿಕೊಂಡು ಮೇಲಿನ ಹಲ್ಲಿಗೆ ಬಲಗಾಲು, ಕೆಳಗಿನ ಹಲ್ಲಿಗೆ ಎಡಗಾಲು. ಮೊದಲ ವಾರ ಮೂರು ಸೆಕೆಂಡಿಗೇ ಕಾಲು ಕೆಳಗೆ. ಈಗ ಬಾಯಿ ಮುಕ್ಕಳಿಸುವ ತನಕ ನಿಲ್ಲುತ್ತೇನೆ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿಕೊಂಡು ಗೋಡೆ ಪಕ್ಕ ಗೆರೆ ಮೇಲೆ ನಡೆಯುವುದನ್ನೂ ಮಾಡುತ್ತೇನೆ. ಪಕ್ಕದ ಮನೆಯವರು ಒಂದು ದಿನ ನೋಡಿ ಬೇರೆಯೇ ತಿಳಿದುಕೊಂಡರು.


ಹಿಮದೂರಿನ ಮಗ (ನ್ಯೂಜೆರ್ಸಿ)

ನಮ್ಮಪ್ಪ ಅಮ್ಮ ಆರು ತಿಂಗಳಿಗೆ ಅಂತ ಇಲ್ಲಿಗೆ ಬಂದಿದ್ದಾರೆ. ಡಿಸೆಂಬರ್ ಬಂತು, ಹೊರಗೆ ಹಿಮ. ಊರಲ್ಲಿ ದಿನಾ ನಡೆಯುತ್ತಿದ್ದ ಅಪ್ಪ ಸೋಫಾ ಹಿಡಿದು ಕೂತರು. ಕೊನೆಗೆ ಒಂದು ಮಾಲಿಗೆ ಬೆಳಿಗ್ಗೆ ಬಿಟ್ಟು ಬರಲು ಶುರು ಮಾಡಿದೆ. ಅಂಗಡಿ ತೆರೆಯುವ ಮುಂಚೆಯೇ ಬಾಗಿಲು ತೆಗೆದಿರುತ್ತೆ, ಇಲ್ಲಿನ ಅಜ್ಜ ಅಜ್ಜಿಯರೂ ಒಳಗೇ ಸುತ್ತುತ್ತಿರುತ್ತಾರೆ.

ಅಮ್ಮನಿಗೆ ಮಂಡಿ ನೋವು. ಅವರನ್ನು ಇಲ್ಲಿನ ಈಜುಕೊಳದಲ್ಲಿ ನಡೆಯುವ ಹಿರಿಯರ ಕ್ಲಾಸಿಗೆ ಸೇರಿಸಿದೆ. ಈಜು ಅಲ್ಲ, ಎದೆ ಮಟ್ಟದ ನೀರಿನಲ್ಲಿ ನಡೆಯುವುದು, ಕಾಲು ಎತ್ತುವುದು. ಬಟ್ಟೆಯದೇ ದೊಡ್ಡ ಗಲಾಟೆ. ಜೀವನಪೂರ್ತಿ ಸೀರೆ ಉಟ್ಟವರು. ಕೊನೆಗೆ ಕೈಕಾಲು ಪೂರ್ತಿ ಮುಚ್ಚುವ ಈಜುಡುಗೆ ಹುಡುಕಿದೆವು. ಮೊದಲ ದಿನ ಅರ್ಧ ಗಂಟೆ ಕಂಬಿ ಬಿಡಲಿಲ್ಲ. ಮೂರನೇ ವಾರ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಿದ್ದರು: ‘ನೀರೊಳಗೆ ಮಂಡಿ ಇರೋದೇ ಗೊತ್ತಾಗಲ್ಲ ಕಣೇ’.


ಲಾಲ್‌ಬಾಗ್ ತಾತ

ನೀರು ಮೈಭಾರ ಹೊರುತ್ತೆ, ಸರಿ. ಆದರೆ ಇದೆಲ್ಲ ನಮ್ಮ ಯೋಗದಲ್ಲಿ ಇಲ್ಲವಾ? ಯೋಗ ಒಂದು ಮಾಡಿದರೆ ಬಲ, ಬ್ಯಾಲೆನ್ಸ್, ಬಾಗುವುದು ಎಲ್ಲ ಬರುತ್ತೆ. ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರದ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಹತ್ತಿರ ಕಲಿತವರು. ತೊಂಬತ್ತು ದಾಟಿದ ಮೇಲೂ ಅಭ್ಯಾಸ ಬಿಡಲಿಲ್ಲ.


ಹುಬ್ಬಳ್ಳಿ ಫಿಸಿಯೋ

ತಾತ, ಅವರ ಹೆಸರು ತೆಗೆದದ್ದು ಒಳ್ಳೆಯದಾಯಿತು. ಆಸನಕ್ಕೆ ಕುರ್ಚಿ, ಬೆಲ್ಟು, ಮರದ ಇಟ್ಟಿಗೆ ತಂದವರೂ ಅವರೇ. ಮೈ ಬಾಗದವರು ಕುರ್ಚಿ ಹಿಡಿದು ಮಾಡಲಿ ಅಂತ. ನಮ್ಮಲ್ಲಿ ಮಾತ್ರ ಕುರ್ಚಿ ಹಿಡಿದರೆ ಮರ್ಯಾದೆ ಹೋಯಿತು ಅನ್ನುವವರೇ ಜಾಸ್ತಿ. ವೃಕ್ಷಾಸನ, ವೀರಭದ್ರಾಸನ ಬ್ಯಾಲೆನ್ಸಿಗೂ ಕಾಲಿಗೂ ಚೆನ್ನಾಗಿದೆ. ಆದರೆ ಟಿವಿ ನೋಡಿಕೊಂಡು ಶೀರ್ಷಾಸನ ಬೇಡ. ಮೂಳೆ ಸವೆದವರು ಬೆನ್ನು ಗೂನು ಮಾಡಿ ಮುಂದಕ್ಕೆ ಬಾಗುವುದೂ ಬೇಡ. ಮತ್ತೆ ಯೋಗದಲ್ಲಿ ಎಳೆಯುವ ಕೆಲಸ ಕಡಿಮೆ. ಕಂಡಕ್ಟರ್ ಸಾರ್ ಅವರ ಟ್ಯೂಬು ಇರಲಿ.

ಮೇಷ್ಟ್ರೇ, ನೆಲದಿಂದ ಏಳುವುದನ್ನೇ ವ್ಯಾಯಾಮ ಮಾಡಿಕೊಳ್ಳಿ. ಚಾಪೆ ಹಾಸಿ, ಪಕ್ಕದಲ್ಲಿ ಗಟ್ಟಿ ಕುರ್ಚಿ ಇಡಿ. ಚಕ್ಕಳಮಕ್ಕಳ ಕೂತಲ್ಲಿಂದ ನೇರ ಏಳಲು ಹೋಗಬೇಡಿ. ಒಂದು ಮಗ್ಗುಲಿಗೆ ವಾಲಿ ಕೈ ಊರಿ, ಅಂಬೆಗಾಲಿಗೆ ಬನ್ನಿ. ಕುರ್ಚಿಯ ಸೀಟಿನ ಮೇಲೆ ಎರಡೂ ಕೈ ಇಡಿ. ಬಲ ಜಾಸ್ತಿ ಇರುವ ಕಾಲಿನ ಪಾದ ಮುಂದೆ ತಂದು ನೆಲಕ್ಕೆ ಪೂರ್ತಿ ಊರಿ. ಆ ಹಿಮ್ಮಡಿ ಒತ್ತಿ ಏಳಿ. ದಿನಕ್ಕೆ ಮೂರು ಸಲ ಸಾಕು. ಕೆಲವು ವಾರ ಆದ ಮೇಲೆ ಕುರ್ಚಿ ಬದಲು ಸ್ಟೂಲು, ಆಮೇಲೆ ನಿಮ್ಮದೇ ಮಂಡಿ ಮೇಲೆ ಕೈ. ಇದು ಬಂದರೆ ನಾಳೆ ಬಚ್ಚಲಿನಲ್ಲಿ ಬಿದ್ದರೂ ಎದ್ದು ಬರುವ ದಾರಿ ಮೈಗೆ ಗೊತ್ತಿರುತ್ತೆ.

ಊಟ ಮರೆತೆ. ಬರೀ ಅನ್ನ ಸಾರಿಗೆ ತೊಡೆ ಬರಲ್ಲ. 60 ಕೆಜಿ ತೂಗುವವರಿಗೆ ದಿನಕ್ಕೆ 60ರಿಂದ 70 ಗ್ರಾಂ ಪ್ರೋಟೀನ್ ಬೇಕು. ಹುರುಳಿ, ಕಡಲೆ, ಮೊಳಕೆ ಹೆಸರುಕಾಳು, ಮೊಸರು, ತಿನ್ನುವವರು ಮೊಟ್ಟೆ ಮೀನು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರ ಮಾತೇ ಮಾತು.


ಬ್ಯಾಂಕ್ ಬಾಬು

ನಾವು ನಾಲ್ಕು ಜನ ಸೇರಿ ಶಟಲ್ ಶುರು ಮಾಡೋಣ ಅಂತಿದ್ದೇವೆ. ಇದರ ಬಗ್ಗೆ?


ಗರಡಿ ಮನೆ

ಡಬಲ್ಸ್ ಆಡಿ, ಸಿಂಗಲ್ಸ್ ಬೇಡ. ಮೈ ಬಿಸಿ ಮಾಡಿಕೊಳ್ಳದೆ ಕೋರ್ಟಿಗೆ ಇಳಿದರೆ ಹಿಮ್ಮಡಿ ನರ ಹೋಗುತ್ತೆ, ನಮ್ಮ ಗುಂಪಿನಲ್ಲೇ ಒಬ್ಬರಿಗೆ ಆಗಿದೆ. ಜೋರು ಹೊಡೆತಕ್ಕಿಂತ ಸ್ಕೋರಿನ ಜಗಳ ತಪ್ಪಿಸಿ. ಬಿಪಿ ಏರುವುದು ಅಲ್ಲೇ.


ಕೆರೆ ಏರಿ ಮೇಷ್ಟ್ರು (ಮೂರೂವರೆ ತಿಂಗಳ ನಂತರ)

ವರದಿ ಒಪ್ಪಿಸುತ್ತೇನೆ. ಹಳೇ ಚಾಳಿ, ಟೈಮ್ ಟೇಬಲ್ ಹಾಕಿಕೊಂಡೆ. ಸೋಮವಾರ, ಗುರುವಾರ ಅರ್ಧ ಬಸ್ಕಿ, ಟ್ಯೂಬು, ಗೋಡೆ ದಂಡ. ಮಂಗಳವಾರ, ಶುಕ್ರವಾರ ಕೆರೆ ಏರಿ. ಬುಧವಾರ ಯೋಗ. ಶನಿವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಸಾವಿರ ಮೆಟ್ಟಿಲೂ ಅಲ್ಲ, ನಂದಿವರೆಗೆ. ನಂದಿಗೆ ಸುಮಾರು 700. ಮೊದಲ ಶನಿವಾರ ಕಾಲುಭಾಗ ದಾರಿಗೇ ಕೂತೆ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ ಅಂತ ಅವತ್ತು ಗೊತ್ತಾಯಿತು. ಈಗ ಹತ್ತುತ್ತೇನೆ, ಇಳಿಯುವಾಗ ರಸ್ತೆಯಲ್ಲಿ ಯಾರಾದರೂ ಗುರುತಿನವರ ಸ್ಕೂಟರ್ ಸಿಕ್ಕರೆ ಹತ್ತುತ್ತೇನೆ.

ಟೈಮ್ ಟೇಬಲ್ ಎಲ್ಲ ಪಾಲಿಸಿದೆ ಅಂತ ಅಲ್ಲ. ನಡುವೆ ಜ್ವರ ಬಂದು ಎರಡು ವಾರ ಹೋಯಿತು. ಬುಧವಾರದ ಯೋಗ ಅರ್ಧಕ್ಕರ್ಧ ಬುಧವಾರ ಆಗಲ್ಲ. ಹೆಜ್ಜೆ ಎಣಿಕೆ 10,000 ಮುಟ್ಟದ ದಿನ ವಾಚು ಬೇಜಾರಿನ ಮುಖ ತೋರಿಸುತ್ತೆ, ಅದಕ್ಕೆ ಬಸ್ಕಿ ಗೊತ್ತಿಲ್ಲ. ಬೆಳಿಗ್ಗೆ ಕೆರೆಯ ಹೆಜ್ಜಾರ್ಲೆ ಹಕ್ಕಿ ನೋಡದ ದಿನ ನನಗೂ ಬೇಜಾರು, ಹಾಗಾಗಿ ಸೋಮವಾರವೂ ಹತ್ತು ನಿಮಿಷ ಏರಿ ಮೇಲೆ ನಿಂತು ಬರುತ್ತೇನೆ.

ಕುರ್ಚಿ ಪರೀಕ್ಷೆ: 9 ಇದ್ದದ್ದು 15. ಒಂಟಿ ಕಾಲು: ಬಲ 20 ಸೆಕೆಂಡು, ಎಡ 7. ಎಡಗಾಲು ನನ್ನ ಹಿಂದಿನ ಬೆಂಚಿನ ಹುಡುಗರ ಥರ, ಎಷ್ಟು ಹೇಳಿದರೂ ಅಷ್ಟೇ. ನೆಲದಿಂದ ಏಳುವುದು: ಒಂದು ಕೈ ಮಂಡಿ ಮೇಲೆ ಕೊಟ್ಟು ಏಳುತ್ತೇನೆ. ಕೈ ಕೊಡದೆ ಇನ್ನೂ ಆಗಿಲ್ಲ.

ಹೋದ ಭಾನುವಾರ ಮತ್ತೊಂದು ಊಟ, ನೆಲದ ಪಂಕ್ತಿ. ಪರೀಕ್ಷೆ ಮಾಡಿಬಿಡೋಣ ಅಂತ ಅವಸರದಲ್ಲಿ ಎದ್ದೆ. ಸರಾಗವಾಗಿ ಎದ್ದೆ. ಬಡಿಸುವವನು ‘ಸಾರ್, ಮಜ್ಜಿಗೆ ಇನ್ನೂ ಬಂದಿಲ್ಲ, ಕೂತ್ಕೊಳಿ’ ಅಂದ. ಮತ್ತೆ ಕೂತೆ, ಮತ್ತೆ ಎದ್ದೆ.


ತುಂಗಾ ತೀರ

ಮೇಷ್ಟ್ರೇ ಸಂತೋಷ. ನಾನೂ ಬಾಟಲಿ ಹಿಡಿದು ಎರಡು ತಿಂಗಳಾಯಿತು. ಕುಕ್ಕರ್ ಇಳಿಸುವಾಗ ಗೊತ್ತಾಗುತ್ತೆ. ಈಗ ಟ್ಯೂಬು ಬೇಕು. ಕಂಡಕ್ಟರಣ್ಣ, ದಪ್ಪದ್ದಾ ತೆಳ್ಳನೆಯದ್ದಾ?


ಮಾಜಿ ಕಂಡಕ್ಟರ್

ಮಕ್ಕಳ ಸೈಕಲಿನದು ತೆಳ್ಳಗಿರುತ್ತೆ, ಅದರಿಂದ ಶುರು ಮಾಡಿ ಅಕ್ಕಾ. ಬಿರುಕು ಬಿಟ್ಟಿದೆಯಾ ಅಂತ ಎಳೆದು ನೋಡಿ, ಎಳೆಯುವಾಗ ಮುಖ ಪಕ್ಕಕ್ಕಿರಲಿ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ನಮ್ಮ ಬೀದಿಯವನು ‘ಗಿಡ ಕಟ್ಟಕ್ಕಾ ಸಾರ್’ ಅಂದ. ಏನಕ್ಕೆ ಅಂತ ಹೇಳಿದೆ. ಮೊನ್ನೆ ಹೋದಾಗ ಒಳ್ಳೇದು ಒಂದು ಬೇರೆ ಎತ್ತಿಟ್ಟಿದ್ದ. ಕೇಳಿದರೆ ‘ಇದು ನಮ್ಮಪ್ಪಂಗೆ’ ಅಂದ.